ದಾನಕ್ಕಾಗಿ ತಣ್ಣೀರಿಗೆ ಇಳಿಯುವ ಮುನ್ನ



ಚಳಿಗಾಲ ಶುರುವಾಯಿತೆಂದರೆ ಮೊಬೈಲಿನಲ್ಲಿ ಒಂದು ಬಗೆಯ ವಿಡಿಯೋಗಳು ಓಡಾಡತೊಡಗುತ್ತವೆ. ಹಿಮ ಬಿದ್ದ ದಂಡೆಯ ಮೇಲೆ ನೂರಾರು ಜನ ನಿಂತಿರುತ್ತಾರೆ. ಸೀಟಿ ಊದಿದ ಕೂಡಲೇ ಎಲ್ಲರೂ ಕೂಗುತ್ತಾ ನೀರಿಗೆ ಬೀಳುತ್ತಾರೆ, ಮರುಕ್ಷಣವೇ ನಡುಗುತ್ತಾ ನಗುತ್ತಾ ಹೊರಗೆ ಓಡಿಬರುತ್ತಾರೆ. ವಿಶೇಷ ಚೇತನ ಮಕ್ಕಳಿಗಾಗಿ, ಕ್ಯಾನ್ಸರ್ ರೋಗಿಗಳಿಗಾಗಿ ಹಣ ಕೂಡಿಸಲು ಹೀಗೆ ಮಾಡುತ್ತಿದ್ದೇವೆ ಎಂದು ಕೆಳಗೆ ಬರೆದಿರುತ್ತದೆ. ಓದಿಗೆ, ಕೆಲಸಕ್ಕೆ ಅಮೆರಿಕ, ಕೆನಡಾ, ಇಂಗ್ಲೆಂಡಿಗೆ ಹೋದ ನಮ್ಮ ಮಕ್ಕಳೂ ಗೆಳೆಯರ ಜೊತೆ ಹೆಸರು ಕೊಡುತ್ತಾರೆ.

ಇಂಥ ವಿಡಿಯೋ ಹಿಡಿದುಕೊಂಡು ದವಾಖಾನೆಗೆ ಬರುವವರು ಎರಡು ಪ್ರಶ್ನೆ ಕೇಳುತ್ತಾರೆ. ಹೆತ್ತವರ ಪ್ರಶ್ನೆ: "ಡಾಕ್ಟರ್ ಸಾಬ್, ಇದರಿಂದ ಮಗನ ಜೀವಕ್ಕೆ ಏನೂ ಆಗುವುದಿಲ್ಲವೇ?" ಊರಿನ ಹುಡುಗರ ಪ್ರಶ್ನೆ: "ನಮ್ಮ ಕೆನಾಲಿನಲ್ಲೂ ಹೀಗೆ ಮಾಡಿ ಬಡವರಿಗೆ ಹಣ ಕೂಡಿಸಬಹುದಲ್ಲ?"

ಚುಟುಕಾಗಿ ಹೇಳಬೇಕೆಂದರೆ, ಆರೋಗ್ಯವಂತರು, ಈಜು ಬಲ್ಲವರು, ಮೊದಲೇ ಅಭ್ಯಾಸ ಮಾಡಿಕೊಂಡವರು, ಕಾವಲು ಇರುವ ಜಾಗದಲ್ಲಿ, ಕೆಲವೇ ನಿಮಿಷ ಇಳಿಯಬಹುದು. ಕೆನಾಲಿನಲ್ಲಿ ಖಂಡಿತ ಬೇಡ. ದಾನಕ್ಕಂತೂ ಥಂಡಿ ಶರತ್ತೇ ಅಲ್ಲ. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಈ ರೂಢಿ ಎಲ್ಲಿಂದ ಬಂತು?

ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸರ್ಪೆಂಟೈನ್ ಎಂಬ ಕೆರೆಯಿದೆ. ಅಲ್ಲಿನ ಈಜು ಕ್ಲಬ್ 1864ರಿಂದ ಕ್ರಿಸ್ಮಸ್ ಬೆಳಿಗ್ಗೆ ಈಜು ಸ್ಪರ್ಧೆ ನಡೆಸುತ್ತಾ ಬಂದಿದೆ. ಅಮೆರಿಕದ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ ಬರ್ನಾರ್ ಮ್ಯಾಕ್‌ಫ್ಯಾಡನ್ ಎಂಬವರು 1903ರಲ್ಲಿ ಚಳಿಗಾಲದ ಈಜುಗಾರರ ಕ್ಲಬ್ ಕಟ್ಟಿದರು. ಹಿಮಕರಡಿಯ ನೆನಪಿಗೆ ಅದಕ್ಕೆ 'ಪೋಲಾರ್ ಬೇರ್ ಕ್ಲಬ್' ಎಂದು ಹೆಸರಿಟ್ಟರು. ಕೆನಡಾದ ವ್ಯಾಂಕೂವರ್ ನಗರದಲ್ಲಿ ಪೀಟರ್ ಪಂಟಾಜಸ್ ಎಂಬ ಗ್ರೀಕ್ ಮೂಲದ ಹೋಟೆಲು ಮಾಲೀಕರು 1920ರಲ್ಲಿ ಕೆಲವೇ ಗೆಳೆಯರೊಂದಿಗೆ ಹೊಸವರ್ಷದ ಮುಳುಗು ಆರಂಭಿಸಿದರು. ಇವೆಲ್ಲ ಮೊದಲಿಗೆ ಧೈರ್ಯಕ್ಕೋ ಆರೋಗ್ಯಕ್ಕೋ ಮೋಜಿಗೋ ಶುರುವಾದವು. ದಾನದ ಉದ್ದೇಶ ಸೇರಿಕೊಂಡದ್ದು ಬಹಳ ವರ್ಷಗಳ ನಂತರ.

ಈಗ ಹೆಚ್ಚು ಪ್ರಸಿದ್ಧವಾಗಿರುವುದು ಸ್ಪೆಷಲ್ ಒಲಿಂಪಿಕ್ಸ್‌ಗಾಗಿ ನಡೆಯುವ 'ಪೋಲಾರ್ ಪ್ಲಂಜ್'. ಬೌದ್ಧಿಕ ವೈಕಲ್ಯವಿರುವ ಮಕ್ಕಳು ಮತ್ತು ದೊಡ್ಡವರ ಆಟೋಟಕ್ಕಾಗಿ ಯೂನಿಸ್ ಕೆನಡಿ ಶ್ರೈವರ್ ಅವರು 1968ರಲ್ಲಿ ಆರಂಭಿಸಿದ ಸಂಸ್ಥೆ ಅದು. ನಮ್ಮ ದೇಶದಲ್ಲೂ 'ಸ್ಪೆಷಲ್ ಒಲಿಂಪಿಕ್ಸ್ ಭಾರತ್' ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಪೊಲೀಸರೇ ಮುಂದೆ ನಿಂತು ಇದನ್ನು ನಡೆಸುತ್ತಾರೆ. ಮಿನ್ನೆಸೋಟದಂಥ ಕಡೆ ಕೆರೆಯ ಮೇಲಿನ ಹಿಮದ ಹಾಸನ್ನು ಗರಗಸದಿಂದ ಕೊಯ್ದು, ನೀರು ಕಾಣುವಂತೆ ಮಾಡಿ, ಅದರಲ್ಲಿ ಇಳಿಯುತ್ತಾರೆ.

ಹಣ ಬರುವ ರೀತಿ ಹೀಗಿದೆ. ಹೆಸರು ಕೊಟ್ಟವನು ಮೊದಲೇ ನೆಂಟರು, ಗೆಳೆಯರು, ಜೊತೆ ಕೆಲಸಗಾರರ ಬಳಿ ಹೋಗಿ "ನಾನು ಇಂಥ ದಿನ ನೀರಿಗಿಳಿಯುತ್ತೇನೆ, ಈ ಮಕ್ಕಳಿಗಾಗಿ ಇಷ್ಟು ಕೊಡಿ" ಎಂದು ಕೇಳುತ್ತಾನೆ. ಇಂತಿಷ್ಟು ಮೊತ್ತ ಕೂಡಿಸಿದ ಮೇಲೆಯೇ ಅವನಿಗೆ ಅವಕಾಶ. ಅಂದು ದಂಡೆಯಲ್ಲಿ ಆಂಬ್ಯುಲೆನ್ಸ್, ನೀರಿನಲ್ಲಿ ರಕ್ಷಣಾ ಈಜುಗಾರರು, ಪಕ್ಕದಲ್ಲಿ ಬೆಚ್ಚಗಿನ ಡೇರೆ ಸಿದ್ಧವಿರುತ್ತವೆ. ಹೆಚ್ಚಿನವರು ನೀರಿನಲ್ಲಿರುವುದು ಒಂದೆರಡು ನಿಮಿಷ ಮಾತ್ರ.

ಇನ್ನೊಂದು ವಿಷಯವನ್ನು ಗಮನಿಸಿ. ಇಂಥ ಅನೇಕ ಕಾರ್ಯಕ್ರಮಗಳಲ್ಲಿ ನೀರಿಗಿಳಿಯದೆ ಹಣ ಮಾತ್ರ ಕೂಡಿಸಿಕೊಡುವವರಿಗೂ ಬೇರೆ ಪಟ್ಟಿಯೇ ಇರುತ್ತದೆ. ಅವರು ಮೈ ಒದ್ದೆ ಮಾಡಿಕೊಳ್ಳದಿದ್ದರೂ ಅವರು ತಂದ ಹಣ ಮಕ್ಕಳಿಗೆ ಅಷ್ಟೇ ಉಪಯೋಗಕ್ಕೆ ಬರುತ್ತದೆ. ಜನರನ್ನು ಕರೆದು ಸೇರಿಸುವುದು ತಣ್ಣೀರಿನ ಕೆಲಸ. ಕೊಡುವುದು ಜನರ ಮನಸ್ಸಿನ ಕೆಲಸ.

ಮೊದಲ ಒಂದು ನಿಮಿಷ

ತಣ್ಣೀರಿನಲ್ಲಿ ಜೀವ ಹೋದರೆ ಅದು ಮೈ ಮರಗಟ್ಟಿ ಹೋದದ್ದು ಎಂದೇ ನಾವು ಭಾವಿಸುತ್ತೇವೆ. ಆದರೆ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಪ್ರೊ. ಮೈಕ್ ಟಿಪ್ಟನ್ ಮತ್ತಿತರರು ದಶಕಗಳ ಕಾಲ ಮಾಡಿದ ಸಂಶೋಧನೆ ಬೇರೆಯೇ ಮಾತು ಹೇಳುತ್ತದೆ. ಅತಿ ಹೆಚ್ಚು ಅಪಾಯವಿರುವುದು ನೀರಿಗಿಳಿದ ಮೊದಲ ಒಂದೆರಡು ನಿಮಿಷಗಳಲ್ಲಿ. ಆಗ ದೇಹದ ಒಳಗಿನ ಉಷ್ಣ ಇನ್ನೂ ಇಳಿದೇ ಇರುವುದಿಲ್ಲ.

ಚರ್ಮಕ್ಕೆ ಥಂಡಿ ತಗುಲಿದ ಕೂಡಲೇ ನಮ್ಮ ಅಪ್ಪಣೆಯಿಲ್ಲದೆ ಬಾಯಿ ತೆರೆದು ದೊಡ್ಡದಾಗಿ ಉಸಿರು ಎಳೆದುಕೊಳ್ಳುತ್ತೇವೆ. ತಲೆಯ ಮೇಲೆ ತಣ್ಣೀರು ಸುರಿದಾಗ "ಹಾ!" ಎನ್ನುತ್ತೇವಲ್ಲ, ಅದೇ. ಆ ಹೊತ್ತಿಗೆ ಮುಖ ನೀರಿನೊಳಗಿದ್ದರೆ ಗಾಳಿಯ ಬದಲು ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ನಂತರ ಉಸಿರು ಏದುಸಿರಾಗುತ್ತದೆ, ಹಿಡಿದಿಡಲು ಆಗುವುದಿಲ್ಲ. ದಂಡೆಯ ಮೇಲೆ ಒಂದು ನಿಮಿಷ ಉಸಿರು ಕಟ್ಟಬಲ್ಲವನೂ ಕೊರೆಯುವ ನೀರಿನಲ್ಲಿ ಹತ್ತು ಸೆಕೆಂಡು ಕಟ್ಟಲಾರ.

ಇದೇ ವೇಳೆಗೆ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಥಟ್ಟನೆ ಏರುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ. ಮುಖವೂ ಮುಳುಗಿದರೆ ದೇಹದಲ್ಲಿ ಇನ್ನೊಂದು ಪ್ರತಿಕ್ರಿಯೆ ಎದ್ದು ಹೃದಯವನ್ನು ನಿಧಾನ ಮಾಡಲು ನೋಡುತ್ತದೆ. ಒಂದು ಕಡೆ ಓಡು ಎನ್ನುವ ಸೂಚನೆ, ಇನ್ನೊಂದು ಕಡೆ ನಿಲ್ಲು ಎನ್ನುವ ಸೂಚನೆ. ಈ ಎಳೆದಾಟದಲ್ಲಿ ಹೃದಯದ ತಾಳ ತಪ್ಪಬಹುದು. ಒಳಗೆ ಹೃದ್ರೋಗ ಅಡಗಿದ್ದವರಿಗೆ ಇದು ಪ್ರಾಣಕ್ಕೇ ಎರವಾಗುತ್ತದೆ.

ಈ ಹೊಡೆತಕ್ಕೆ ನೀರು ಹಿಮವೇ ಆಗಿರಬೇಕೆಂದಿಲ್ಲ. 25 ಡಿಗ್ರಿಗಿಂತ ಕೆಳಗಿಳಿದ ನೀರಿನಲ್ಲೇ ಉಸಿರಿನ ಏರುಪೇರು ಶುರುವಾಗುತ್ತದೆ. 15 ಡಿಗ್ರಿಗಿಂತ ಕೆಳಗೆ ಅದು ತೀವ್ರವಾಗುತ್ತದೆ. ಸಮಾಧಾನದ ಮಾತೆಂದರೆ, ಎರಡು ಮೂರು ನಿಮಿಷಗಳಲ್ಲಿ ಈ ಹೊಡೆತ ತಾನಾಗಿ ತಗ್ಗುತ್ತದೆ. ಅಲ್ಲಿಯವರೆಗೆ ಈಜಲು ಹೋಗದೆ, ಕೈಕಾಲು ಬಡಿಯದೆ, ಅಂಗಾತ ಮಲಗಿ ತೇಲುತ್ತಾ ಉಸಿರು ಹದಕ್ಕೆ ಬರುವುದನ್ನು ಕಾಯಬೇಕು. ಬ್ರಿಟನ್ನಿನ ಕಡಲ ರಕ್ಷಣಾ ಪಡೆಯವರು ಜನರಿಗೆ ಕಲಿಸುವ ಮೊದಲ ಪಾಠವೇ ಇದು: ಮೊದಲು ತೇಲಿ, ಆಮೇಲೆ ಈಜಿ.

ಮುಂದಿನ ಹತ್ತು ನಿಮಿಷ, ಮುಂದಿನ ಒಂದು ಗಂಟೆ

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊ. ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ನೆನಪಿಡಲು ಸುಲಭವಾದ ಒಂದು ಲೆಕ್ಕ ಕೊಟ್ಟಿದ್ದಾರೆ: ಒಂದು, ಹತ್ತು, ಒಂದು. ಹಿಮದಂಥ ನೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ ಬೇಕು. ಕೈಕಾಲು ಹೇಳಿದಂತೆ ಕೇಳುವುದು ಸುಮಾರು ಹತ್ತು ನಿಮಿಷ. ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ.

ಇದರಲ್ಲಿ ನಡುವಿನ ಹತ್ತು ನಿಮಿಷವನ್ನು ಜನ ಮರೆಯುತ್ತಾರೆ. ಥಂಡಿಗೆ ಮೊದಲು ಸೋಲುವುದು ಕೈಬೆರಳು, ಮುಂಗೈ, ಕಾಲಿನ ಸ್ನಾಯುಗಳು. ಬೆರಳು ಮಡಚಲು ಬಾರದವನು ಹಗ್ಗವನ್ನಾದರೂ ಹೇಗೆ ಹಿಡಿಯಬೇಕು? ಒಳ್ಳೆಯ ಈಜುಗಾರರು ದಂಡೆ ಕಣ್ಣೆದುರಿಗಿದ್ದರೂ ಮುಳುಗುವುದು ಇದೇ ಕಾರಣಕ್ಕೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಹೀರುತ್ತದೆ ಎಂಬುದನ್ನು ನೆನಪಿಡಿ.

ದೇಹದ ಒಳ ಉಷ್ಣ 35 ಡಿಗ್ರಿಗಿಂತ ಕೆಳಗಿಳಿದರೆ ಅದು ರೋಗದ ಸ್ಥಿತಿ. ಬಿಡದ ನಡುಕ, ತೊದಲು ಮಾತು, ಎಡವುವ ನಡಿಗೆ, ಕೇಳಿದ್ದಕ್ಕೆ ಏನೋ ಉತ್ತರ ಕೊಡುವುದು ಇದರ ಗುರುತುಗಳು. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಅದು ವಾಸಿಯಾದ ಲಕ್ಷಣವಲ್ಲ. ದೇಹ ಸೋಲುತ್ತಿರುವ ಲಕ್ಷಣ ಅದು, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಹೊರಗೆ ಬಂದ ಮೇಲೆ

"ಹೊರಗೆ ಬಂದೆ, ಗೆದ್ದೆ" ಎಂದು ತಿಳಿದು ಒದ್ದೆ ಬಟ್ಟೆಯಲ್ಲೇ ಫೋಟೋ ತೆಗೆಸಿಕೊಳ್ಳುತ್ತಾ ನಿಲ್ಲುವುದು ದೊಡ್ಡ ತಪ್ಪು. ನೀರಿನಿಂದ ಎದ್ದ ಮೇಲೂ ಒಳಗಿನ ಉಷ್ಣ ಇಳಿಯುತ್ತಲೇ ಇರುತ್ತದೆ. ಎದ್ದು ಹತ್ತಿಪ್ಪತ್ತು ನಿಮಿಷದ ಮೇಲೆಯೇ ನಡುಕ ಜೋರಾಗುತ್ತದೆ. ಆದ್ದರಿಂದ:

ಒದ್ದೆ ಬಟ್ಟೆ ಮೊದಲು ತೆಗೆಯಿರಿ. ಮೈ ಒರೆಸಿ ಎದೆ, ಬೆನ್ನಿಗೆ ಒಣ ಬಟ್ಟೆ ಹಾಕಿ, ತಲೆಗೆ ಟೋಪಿ ಅಥವಾ ಮಫ್ಲರ್ ಸುತ್ತಿ, ಆಮೇಲೆ ಕಾಲಿಗೆ ಕಾಲುಚೀಲ ಹಾಕಿ.

ಕೂತು ಬೆಚ್ಚಗಿನ ಸಿಹಿ ಚಹಾ ಅಥವಾ ಹಾಲು ಗುಟುಕು ಗುಟುಕಾಗಿ ಕುಡಿಯಿರಿ. ಶುಂಠಿ ಹಾಕಿದರೆ ಇನ್ನೂ ಒಳ್ಳೆಯದು.

ತಕ್ಷಣ ಬಿಸಿನೀರಿನ ಸ್ನಾನ ಬೇಡ. ಬಿಗಿದಿದ್ದ ರಕ್ತನಾಳಗಳು ಒಮ್ಮೆಲೇ ಸಡಿಲಗೊಂಡು ರಕ್ತದೊತ್ತಡ ಕುಸಿದು ತಲೆಸುತ್ತಿ ಬೀಳಬಹುದು.

ನಡುಕ ಪೂರ್ತಿ ನಿಲ್ಲುವವರೆಗೆ ಮೋಟರ್ ಸೈಕಲ್, ಕಾರು ಓಡಿಸಬೇಡಿ.

ಶರಾಬು ಮೈ ಬೆಚ್ಚಗೆ ಮಾಡುತ್ತದೆ ಎಂಬ ಮಾತನ್ನು ಪರದೇಶದಲ್ಲಿರುವ ನಿಮ್ಮ ಮಕ್ಕಳು ಕೇಳಿರಬಹುದು. ಅದು ಸುಳ್ಳು. ಶರಾಬು ಚರ್ಮದ ನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ, ನಡುಕವನ್ನೂ ಅಡಗಿಸುತ್ತದೆ. ಹರಾಮ್ ಎಂದು ದೂರವಿರುವವರಿಗೆ ಇಲ್ಲಿ ಆರೋಗ್ಯದ ಕಾರಣವೂ ಸಿಕ್ಕಂತಾಯಿತು.

ಯುನಾನಿ ಹಕೀಮರು ಏನು ಹೇಳಿದ್ದಾರೆ?

ತಣ್ಣೀರಿನ ಸ್ನಾನ ಹೊಸ ವಿಷಯವೇನಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ತಣ್ಣೀರಿನ ಸ್ನಾನಕ್ಕೆಂದೇ ಒಂದು ಭಾಗ ಮೀಸಲಿಟ್ಟಿದ್ದಾರೆ. ಅವರು ಅದನ್ನು ಬೇಡವೆನ್ನಲಿಲ್ಲ, ಎಲ್ಲರಿಗೂ ಬೇಕೆಂದೂ ಹೇಳಲಿಲ್ಲ. ವಯಸ್ಸು, ಬಲ, ಮೈಕಟ್ಟು, ಋತು ಎಲ್ಲವೂ ಹೊಂದಿಕೊಂಡವನಿಗೆ ಮಾತ್ರ ಅದು ಹಿತ ಎಂದರು. ಮಕ್ಕಳಿಗೂ ಮುದುಕರಿಗೂ ಬೇಡವೆಂದರು. ಅಜೀರ್ಣ, ವಾಂತಿ, ಭೇದಿ, ನಿದ್ರಾಹೀನತೆ, ನಜ್ಲಾ (ನೆಗಡಿ) ಇರುವವರು ದೂರವಿರಬೇಕೆಂದರು.

ಯುನಾನಿಯಲ್ಲಿ ದೇಹದ ಹುಟ್ಟುಬಿಸಿಗೆ 'ಹರಾರತೆ ಘರೀಝಿಯಾ' ಎನ್ನುತ್ತೇವೆ. ಬಲವಾದ ಹುಟ್ಟುಬಿಸಿ ಇರುವವನಿಗೆ ತಣ್ಣೀರು ತಗುಲಿದರೆ ಬಿಸಿ ಒಳಗೆ ಸೇರಿ ಕೂಡಿಕೊಂಡು, ಮತ್ತೆ ಚರ್ಮದತ್ತ ಹರಿದು ಮೈ ಕೆಂಪೇರಿ ಹುರುಪು ಬರುತ್ತದೆ. ದುರ್ಬಲನಿಗೆ ಒಳಗೆ ಹೋದ ಬಿಸಿ ಹೊರಗೆ ಬರುವುದೇ ಇಲ್ಲ. ಬಲ್ಗಮಿ ಮಿಜಾಜಿನವರು, ಅಂದರೆ ಸದಾ ಕಫ, ಮೈ ತಣ್ಣಗೆ, ಜಡತನ ಇರುವವರು, ಥಂಡಿಯನ್ನು ತಾಳಲಾರರು. ದಮವಿ ಮಿಜಾಜಿನ ಗಟ್ಟಿಮುಟ್ಟಾದ ಯುವಕರು ಸ್ವಲ್ಪ ತಾಳಬಲ್ಲರು. ಇದು ಹಳೆಯ ಭಾಷೆ. ಆದರೆ "ಒಬ್ಬನಿಗೆ ಮದ್ದಾದದ್ದು ಇನ್ನೊಬ್ಬನಿಗೆ ಮದ್ದಲ್ಲ" ಎಂಬ ಅದರ ತಿರುಳನ್ನು ಇಂದಿನ ಹೃದ್ರೋಗ ತಜ್ಞರೂ ಒಪ್ಪುತ್ತಾರೆ.

ಲಾಭವೇ ಇಲ್ಲವೇ ಎಂದರೆ, ಸ್ವಲ್ಪ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ 3,018 ಜನರ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ದಿನದ ಸ್ನಾನದ ಕೊನೆಗೆ 30ರಿಂದ 90 ಸೆಕೆಂಡು ತಣ್ಣೀರು ಹಾಕಿಕೊಂಡವರು ಕಾಯಿಲೆಯ ರಜೆ ಹಾಕಿದ್ದು ಇತರರಿಗಿಂತ ಶೇ. 29ರಷ್ಟು ಕಡಿಮೆ. ಆದರೆ ಕಾಯಿಲೆ ಬಿದ್ದ ದಿನಗಳು ಕಡಿಮೆಯಾಗಲಿಲ್ಲ. ಕಾಯಿಲೆ ಬಂದರೂ ಎದ್ದು ಕೆಲಸಕ್ಕೆ ಹೋಗುವ ಚೈತನ್ಯ ಅವರಿಗೆ ಇತ್ತು ಎಂದಷ್ಟೇ ಅರ್ಥ. ಸಕ್ಕರೆ ಕಾಯಿಲೆ, ಬಿ.ಪಿ., ಸಂಧಿವಾತಕ್ಕೆ ತಣ್ಣೀರೇ ಔಷಧ ಎಂದು ಮೊಬೈಲಿನಲ್ಲಿ ಬರುವ ಮಾತು ನಂಬಿ ಗುಳಿಗೆ ಬಿಡಬೇಡಿ.

ಯಾರು ಇಳಿಯಲೇಬಾರದು?

ಹೃದಯದ ತೊಂದರೆ, ಎದೆನೋವು, ಹತೋಟಿಗೆ ಬಾರದ ಬಿ.ಪಿ. ಇರುವವರು, ಹಿಂದೆ ಪಾರ್ಶ್ವವಾಯು ಬಡಿದವರು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರಿದ್ದರೆ ಅಂಥ ಮನೆಯವರು ಮೊದಲು ಇ.ಸಿ.ಜಿ. ಮಾಡಿಸಿಕೊಳ್ಳಬೇಕು.

ಅಸ್ತಮಾ ಇರುವವರು. ತಣ್ಣನೆಯ ಗಾಳಿ, ನೀರು ಉಸಿರುನಾಳವನ್ನು ಬಿಗಿಯುತ್ತದೆ.

ಮೂರ್ಛೆರೋಗ ಇರುವವರು. ನೀರಿನಲ್ಲಿ ಒಂದು ಸೆಳೆತ ಬಂದರೂ ಸಾಕು.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು. ಗಾಯವಾದದ್ದೂ, ಮರಗಟ್ಟಿದ್ದೂ ಇವರಿಗೆ ತಿಳಿಯುವುದಿಲ್ಲ.

ಥಂಡಿಗೆ ಬೆರಳು ಬಿಳಚಿಕೊಳ್ಳುವವರು, ಥಂಡಿ ತಗುಲಿದ ಕಡೆ ಪಿತ್ತದ ಗಂದೆ ಏಳುವವರು.

ಗರ್ಭಿಣಿಯರು, ಮಕ್ಕಳು, ಅರವತ್ತು ದಾಟಿದವರು, ಜ್ವರ, ನೆಗಡಿ, ಭೇದಿಯಿಂದ ಈಗಷ್ಟೇ ಎದ್ದವರು. ಮತ್ತು ಈಜು ಬಾರದವರು.

ಅಭ್ಯಾಸ ಮಾಡಿಕೊಳ್ಳುವ ಬಗೆ

ಮಗ ಅಥವಾ ಮಗಳು ಹೋಗಿಯೇ ತೀರುತ್ತೇನೆಂದರೆ ಬೈದು ಫೋನ್ ಇಡಬೇಡಿ, ಈ ಕೆಲವು ಮಾತು ಹೇಳಿ.

ಎರಡು ಮೂರು ನಿಮಿಷದಂತೆ ಐದಾರು ಬಾರಿ ತಣ್ಣೀರಿಗೆ ಇಳಿದು ಅಭ್ಯಾಸ ಮಾಡಿದರೆ ಮೊದಲ ನಿಮಿಷದ ಆ ಹೊಡೆತ ಅರ್ಧದಷ್ಟು ಕಡಿಮೆಯಾಗುತ್ತದೆ ಎಂದು ಸಂಶೋಧನೆ ತೋರಿಸಿದೆ. ಆದ್ದರಿಂದ ಆ ದಿನವೇ ಮೊದಲ ಬಾರಿ ಇಳಿಯುವುದು ಬೇಡ. ಒಂದು ತಿಂಗಳ ಮೊದಲೇ ಮನೆಯ ಸ್ನಾನದ ಕೊನೆಗೆ ಅರ್ಧ ನಿಮಿಷ ತಣ್ಣೀರು ಶುರುಮಾಡಿ, ನಿಧಾನವಾಗಿ ಹೆಚ್ಚಿಸಿಕೊಳ್ಳಲಿ. ಮೊದಲು ಕಾಲಿಗೆ, ಕೈಗೆ, ಆಮೇಲೆ ಎದೆ, ಬೆನ್ನಿಗೆ, ಕೊನೆಗೆ ತಲೆಗೆ. ನೀರು ಸುರಿಯುವಾಗ ಉಸಿರನ್ನು ಉದ್ದಕ್ಕೆ ಹೊರಬಿಡುವುದನ್ನು ರೂಢಿ ಮಾಡಿಕೊಳ್ಳಲಿ.

ಆ ದಿನ ಮೇಲಿನಿಂದ ಹಾರುವುದು, ತಲೆ ಕೆಳಗಾಗಿ ಧುಮುಕುವುದು ಬೇಡ. ನಡೆದುಕೊಂಡು ಇಳಿಯಲಿ, ನೆಲಕ್ಕೆ ಕಾಲು ಸಿಗುವಷ್ಟೇ ಆಳಕ್ಕೆ ಹೋಗಲಿ. ಹೊಟ್ಟೆ ತುಂಬಾ ತಿಂದಿರಬಾರದು, ಖಾಲಿ ಹೊಟ್ಟೆಯೂ ಇರಬಾರದು. ಜೊತೆಗೊಬ್ಬರು ದಂಡೆಯಲ್ಲಿ ಒಣ ಬಟ್ಟೆ ಹಿಡಿದು ನಿಂತಿರಲಿ. ಎರಡು ನಿಮಿಷವೆಂದರೆ ಎರಡೇ ನಿಮಿಷ. ಗಂಡಸರು ಹೊಕ್ಕಳಿನಿಂದ ಮೊಣಕಾಲಿನವರೆಗೆ ಮುಚ್ಚುವ, ಮೈಗೆ ಅಂಟದ ಉಡುಪು ಧರಿಸಲಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಇಲ್ಲದಿದ್ದರೆ, ನೀರಿಗಿಳಿಯದೆ ಹಣ ಕೂಡಿಸುವವರ ಪಟ್ಟಿಯಲ್ಲಿ ಹೆಸರು ಬರೆಸಬಹುದು.

ನಮ್ಮ ಬಾವಿ, ನಮ್ಮ ಕೆನಾಲು

ಈಗ ಊರ ಹುಡುಗರ ಪ್ರಶ್ನೆಗೆ ಬರೋಣ. ನಮ್ಮದು ಕೃಷ್ಣಾ, ತುಂಗಭದ್ರೆಗಳ ನಡುವಿನ ಸೀಮೆ. ಬಿಸಿಲಿಗೆ ಹೆಸರಾದ ರಾಯಚೂರು ಜಿಲ್ಲೆಯಲ್ಲೂ ಡಿಸೆಂಬರ್, ಜನವರಿಯ ಬೆಳಗಿನ ಜಾವ ಹಲ್ಲು ಕಟಕಟ ಎನ್ನುವ ದಿನಗಳಿರುತ್ತವೆ. ಸಂಕ್ರಾಂತಿಗೆ ನಮ್ಮ ನೆರೆಯವರು ಹೊಳೆಯಲ್ಲಿ ಮೀಯುತ್ತಾರೆ. ಬಾವಿಯಲ್ಲಿ ಈಸು ಕಲಿಯುವುದಂತೂ ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಬಂದದ್ದು.

ಬಾವಿಯ ನೀರು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿ ಇರುವುದು ನಿಮಗೆ ಗೊತ್ತೇ ಇದೆ. ನೆಲದೊಳಗಿನ ನೀರಿನ ಉಷ್ಣ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಬದಲಾಗುವುದು ಹೊರಗಿನ ಗಾಳಿ. ಹಾಗಾಗಿ ನಮ್ಮ ಬಾವಿಯಲ್ಲಿ ಯುರೋಪಿನ ಥಂಡಿ ಸಿಗುವುದಿಲ್ಲ. ನಮ್ಮಲ್ಲಿ ಅಪಾಯ ಆಳದ್ದು, ಮೆಟ್ಟಿಲಿಲ್ಲದ ಗೋಡೆಯದು, ಸೆಳವಿನದು.

ತುಂಗಭದ್ರಾ ಎಡದಂಡೆ ಕಾಲುವೆಯಾಗಲಿ, ದೇವದುರ್ಗದ ಕಡೆಯ ನಾರಾಯಣಪುರ ಬಲದಂಡೆ ಕಾಲುವೆಯಾಗಲಿ, ಈಜಲು ಕಟ್ಟಿದ್ದಲ್ಲ, ಹೊಲಕ್ಕೆ ನೀರು ಹರಿಸಲು ಕಟ್ಟಿದ್ದು. ಇಳಿಜಾರಾದ ಗೋಡೆಗೆ ಪಾಚಿ ಹಿಡಿದಿರುತ್ತದೆ, ಕೈಗೆ ಸಿಗುವಂಥದ್ದು ಏನೂ ಇರುವುದಿಲ್ಲ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳವು ಜೋರಾಗಿರುತ್ತದೆ. ಗೇಟು, ತೂಬುಗಳ ಬಳಿ ನೀರು ಮನುಷ್ಯನನ್ನು ಒಳಕ್ಕೆ ಎಳೆಯುತ್ತದೆ. ಇದಕ್ಕೆ ಬೆಳಗಿನ ಥಂಡಿಗೆ ಬಿಗಿದ ಉಸಿರು, ಮರಗಟ್ಟಿದ ಬೆರಳು ಸೇರಿದರೆ ಎಂಥ ಈಜುಗಾರನೂ ಉಳಿಯುವುದು ಕಷ್ಟ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ, ಅವರಲ್ಲಿ ಮಕ್ಕಳು, ಯುವಕರೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಡವರ ನೆರವಿಗೆಂದು ಹೊರಟು ಒಂದು ಮನೆಯ ಮಗನನ್ನು ಕಳೆದುಕೊಂಡರೆ ಆ ದಾನದ ಲೆಕ್ಕ ಹೇಗೆ ಬರೆಯುವುದು?

ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ ನೀವೂ ಹಾರಬೇಡಿ. ಹಗ್ಗ, ಸೀರೆ, ದುಪಟ್ಟಾ, ಉದ್ದನೆಯ ಕೋಲು, ಬಾಯಿ ಮುಚ್ಚಿದ ಖಾಲಿ ಕ್ಯಾನು, ಟ್ಯೂಬು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಹೊರಗೆ ತಂದ ಮೇಲೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತಾ, ತಲೆಕೆಳಗಾಗಿ ತಿರುಗಿಸುತ್ತಾ ಹೊತ್ತು ಕಳೆಯಬೇಡಿ. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಯಿಂದ ಐದು ಬಾರಿ ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಜೋರಾಗಿ ಒತ್ತಿ, ಎರಡು ಸಲ ಉಸಿರು ಕೊಡಿ. 108 ಆಂಬ್ಯುಲೆನ್ಸ್ ಬರುವವರೆಗೆ ಹೀಗೇ ಮುಂದುವರಿಸಿ.

ಕಷ್ಟಪಟ್ಟಷ್ಟೂ ಪುಣ್ಯವೇ?

"ಕಷ್ಟಪಟ್ಟು ಮಾಡಿದ್ದಕ್ಕೆ ಪ್ರತಿಫಲ ಹೆಚ್ಚಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಚಳಿಯಲ್ಲೂ ವುಝೂವನ್ನು ಪೂರ್ಣವಾಗಿ ಮಾಡುವುದರ ಹಿರಿಮೆ ಹದೀಸಿನಲ್ಲಿ ಬಂದಿರುವುದು ನಿಜ. ಆದರೆ ಅದು ತಾನಾಗಿ ಬಂದ ಕಷ್ಟ, ಹುಡುಕಿಕೊಂಡು ಹೋದದ್ದಲ್ಲ. ಬಿಸಿನೀರು ಇದ್ದೂ ಬಿಟ್ಟು ತಣ್ಣೀರು ಹುಡುಕಬೇಕೆಂದು ದೀನ್ ಹೇಳಿಲ್ಲ.

ಹಝ್ರತ್ ಅಮ್ರ್ ಬಿನ್ ಆಸ್(ರ) ಅವರ ಪ್ರಸಂಗ ಅಬೂದಾವೂದ್‌ನಲ್ಲಿದೆ. ದಾತುಸ್ಸಲಾಸಿಲ್ ದಂಡಯಾತ್ರೆಯ ಕೊರೆಯುವ ರಾತ್ರಿಯೊಂದರಲ್ಲಿ ಅವರಿಗೆ ಗುಸ್ಲ್ ಕಡ್ಡಾಯವಾಯಿತು. ತಣ್ಣೀರಿನಲ್ಲಿ ಮಿಂದರೆ ಜೀವ ಹೋದೀತೆಂದು ಹೆದರಿ ತಯಮ್ಮುಮ್ ಮಾಡಿ ನಮಾಝ್‌ಗೆ ನೇತೃತ್ವ ಕೊಟ್ಟರು. ವಿಚಾರಿಸಿದಾಗ, ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿ ಎಂಬ ಅರ್ಥದ ಕುರ್‌ಆನ್ ವಚನವನ್ನು ನೆನಪಿಸಿದರು. ಪ್ರವಾದಿ(ಸ) ನಕ್ಕರು, ಬೇರೇನೂ ಹೇಳಲಿಲ್ಲ.

ಇನ್ನೊಂದು ಪ್ರಸಂಗ ಬುಖಾರಿಯಲ್ಲಿದೆ. ಅಬೂ ಇಸ್ರಾಈಲ್ ಎಂಬವರು ಬಿಸಿಲಿನಲ್ಲಿ ನಿಂತೇ ಇರುತ್ತೇನೆ, ಕೂರುವುದಿಲ್ಲ, ನೆರಳಿಗೆ ಹೋಗುವುದಿಲ್ಲ, ಮಾತಾಡುವುದಿಲ್ಲ, ಉಪವಾಸವಿರುತ್ತೇನೆ ಎಂದು ಹರಕೆ ಹೊತ್ತಿದ್ದರು. ಪ್ರವಾದಿ(ಸ) ಅವರಿಗೆ ಮಾತಾಡಲು, ನೆರಳಿಗೆ ಬರಲು, ಕೂರಲು ಹೇಳಿಸಿದರು, ಉಪವಾಸವನ್ನು ಮಾತ್ರ ಪೂರ್ತಿ ಮಾಡಲು ಹೇಳಿಸಿದರು. ಮೈಯನ್ನು ಸುಮ್ಮನೆ ದಂಡಿಸುವುದನ್ನು ಬಿಡಿಸಿ, ಇಬಾದತ್ ಆದದ್ದನ್ನು ಉಳಿಸಿದರು. ದಾನದ ಈಜನ್ನೂ ಇದೇ ಅಳತೆಯಲ್ಲಿ ನೋಡಿ. ಮಕ್ಕಳಿಗೆ ಮುಟ್ಟುವ ಹಣ ಉಳಿಯಬೇಕಾದ ಭಾಗ. ಥಂಡಿ ಬಿಟ್ಟರೂ ನಡೆಯುವ ಭಾಗ.

ಮನೆಯ ಹಿರಿಯರಿಗೂ ಒಂದು ಮಾತು. ಫಜ್ರ್ ವೇಳೆ ಟ್ಯಾಂಕಿನ ನೀರು ಬಾವಿಯ ನೀರಿಗಿಂತಲೂ ತಣ್ಣಗಿರುತ್ತದೆ. ಬೆಳಗಿನ ಜಾವ ರಕ್ತದೊತ್ತಡ ತಾನಾಗಿಯೇ ಏರುವ ಹೊತ್ತು. ಬಿ.ಪಿ., ಹೃದ್ರೋಗ ಇರುವವರು ಆಗ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳಬಾರದು. ರಾತ್ರಿಯೇ ಹಂಡೆಗೆ ನೀರು ತುಂಬಿಡಿ, ಉಗುರುಬೆಚ್ಚಗೆ ಮಾಡಿಕೊಂಡು ಬಳಸಿ. ಗುಸ್ಲ್‌ನಲ್ಲಿ ಮೊದಲು ಕೈ ತೊಳೆದು ವುಝೂ ಮಾಡುವ ಕ್ರಮವಿದೆಯಲ್ಲ, ಮೈಗೆ ನೀರಿನ ಪರಿಚಯವಾಗಲು ಅದೂ ಅನುಕೂಲವೇ.

ನಮ್ಮ ಮೊಹಲ್ಲಾದಲ್ಲಿ ಏನು ಮಾಡಬಹುದು?

ಆ ದೇಶಗಳವರಿಂದ ನಾವು ಕಲಿಯಬೇಕಾದದ್ದು ತಣ್ಣೀರಲ್ಲ, ಏರ್ಪಾಟು. ಯಾರಿಗಾಗಿ ಎಂದು ಮೊದಲೇ ಹೇಳುವುದು, ಪ್ರತಿಯೊಬ್ಬನೂ ತನ್ನ ಪರಿಚಯದವರಿಂದ ಸ್ವಲ್ಪ ಸ್ವಲ್ಪ ತರುವುದು, ದುರ್ಬಲರಿಗೂ ಪಾಲು ಕೊಡುವುದು, ವೈದ್ಯಕೀಯ ಸಿದ್ಧತೆ ಮಾಡಿಕೊಳ್ಳುವುದು, ಕೊನೆಗೆ ಲೆಕ್ಕ ಒಪ್ಪಿಸುವುದು. ಇವನ್ನೆಲ್ಲ ಈಜಿಲ್ಲದೆಯೂ ಮಾಡಬಹುದು.

ಉದಾಹರಣೆಗೆ, ಈ ಚಳಿಗಾಲದಲ್ಲಿ ಊರ ಯುವಕರು ಫಜ್ರ್ ನಂತರ ನಡಿಗೆಯೊಂದನ್ನು ಇಟ್ಟುಕೊಳ್ಳಿ. ನಡೆಯುವವನು ಕಿಲೋಮೀಟರಿಗೆ ಇಷ್ಟೆಂದು ಅಂಗಡಿಯವರಿಂದ, ನೆಂಟರಿಂದ ಮಾತು ತೆಗೆದುಕೊಳ್ಳಲಿ. ಬಂದ ಹಣದಲ್ಲಿ ಕಂಬಳಿ ಕೊಳ್ಳಿ. ಗುಡಿಸಲಲ್ಲಿ, ಬಸ್ ನಿಲ್ದಾಣದಲ್ಲಿ, ಇಟ್ಟಿಗೆ ಭಟ್ಟಿಯ ಬಳಿ ಮಲಗುವವರಿಗೆ ಯಾವ ಧರ್ಮದವರೆಂದು ಕೇಳದೆ ಹೊದಿಸಿ. ವಿಶೇಷ ಚೇತನ ಮಗುವಿರುವ ಮನೆಗಳ ಪಟ್ಟಿ ಮಾಡಿ, ಆ ಮಗುವಿಗೆ ಬೇಕಾದ ಕನ್ನಡಕವೋ ಗಾಲಿಕುರ್ಚಿಯೋ ತಪಾಸಣೆಗೆ ರಾಯಚೂರಿಗೆ ಹೋಗುವ ಬಸ್ ಖರ್ಚೋ ಕೊಡಿ. ಜುಮಾ ದಿನ ಮಸೀದಿಯ ಬಳಿ ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಚೀಟಿ ಅಂಟಿಸಿ.

ಈಜೇ ಬೇಕೆಂದರೆ ಅದಕ್ಕೂ ದಾರಿಯಿದೆ. ಮೆಟ್ಟಿಲಿರುವ, ಹಿರಿಯರು ಬಲ್ಲ ಬಾವಿಯನ್ನೋ ಈಜುಕೊಳವನ್ನೋ ಆರಿಸಿಕೊಳ್ಳಿ. ಬಿಸಿಲೇರಿದ ಮೇಲೆ ಇಳಿಯಿರಿ. ಅಡ್ಡಲಾಗಿ ಹಗ್ಗ ಕಟ್ಟಿ, ಗಾಳಿ ತುಂಬಿದ ಟ್ಯೂಬುಗಳನ್ನು ಬಿಡಿ, ನೀರಿಗಿಳಿಯದೆ ಕಣ್ಣಿಟ್ಟು ಕಾಯಲು ಇಬ್ಬರು ಒಳ್ಳೆಯ ಈಜುಗಾರರನ್ನು ನಿಲ್ಲಿಸಿ. ಈ ನೆಪದಲ್ಲಿ ಹತ್ತು ಹುಡುಗರಿಗೆ ಈಜು ಮತ್ತು ತೇಲುವುದನ್ನು ಕಲಿಸಿದರೆ ಮುಂದೆ ಒಂದು ಜೀವ ಉಳಿಯಲೂಬಹುದು.

ಕೊಡುವ ಕೈಗೆ ಬರಕತ್ತನ್ನೂ, ನಮ್ಮ ಮಕ್ಕಳ ಮೈಗೆ ಆರೋಗ್ಯವನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.